ಟಾರ್ಗಾ ಫ್ಲೋರಿಯೋ 1928: ರಸ್ತೆಯನ್ನು ನಡೆದು ಕಲಿತ ಎಲಿಶ್ಕಾ ಯುಂಕೋವಾ

ಹಳೇಚಕ್ರ

ಎರಡು ಮಹಾಯುದ್ಧಗಳ ನಡುವಿನ ಕಾರ್ ರೇಸ್ ಅಂದ ತಕ್ಷಣ ಇಲ್ಲಿ ಎಲ್ಲರೂ ಇಟಲಿಯ ಡ್ರೈವರ್ ನುವೊಲಾರಿ ಬಗ್ಗೆ, ಜರ್ಮನರ ಬೆಳ್ಳಿ ಬಣ್ಣದ ಕಾರುಗಳ ಬಗ್ಗೆ ಬರೆಯುತ್ತಾರೆ. ನನಗೂ ಅವರೆಲ್ಲ ಇಷ್ಟವೇ. ಆದರೆ ಆ ಕಾಲದ ಒಂದೇ ಒಂದು ರೇಸನ್ನು ಕಣ್ಣಾರೆ ನೋಡುವ ಅವಕಾಶ ಸಿಕ್ಕರೆ ನಾನು ಕೇಳುವುದು 1928ರ ಮೇ 6ರ ಟಾರ್ಗಾ ಫ್ಲೋರಿಯೋ. ಅದರಲ್ಲೂ ಗೆದ್ದವರನ್ನಲ್ಲ, ಐದನೆಯವರಾಗಿ ಬಂದ ಎಲಿಶ್ಕಾ ಯುಂಕೋವಾ ಅವರನ್ನು ನೋಡಬೇಕು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇಟಲಿಯ ಸಿಸಿಲಿ ದ್ವೀಪದ ಉತ್ತರ ಭಾಗದಲ್ಲಿ ಮಡೋನಿಯೆ ಅನ್ನುವ ಬೆಟ್ಟಸಾಲು ಇದೆ. ಅಲ್ಲಿನ ಊರೂರು ಸುತ್ತುವ ಮಾಮೂಲಿ ರಸ್ತೆಯೇ ರೇಸಿನ ದಾರಿ. ಆ ವರ್ಷ ಒಂದು ಸುತ್ತು 108 ಕಿಲೋಮೀಟರ್. ಅಂಥ ಐದು ಸುತ್ತು, ಅಂದರೆ 540 ಕಿಲೋಮೀಟರ್. ಕಡಲ ಮಟ್ಟದ ಹತ್ತಿರ ಶುರುವಾಗಿ ಚೆರ್ದಾ ಊರಿನ ಮೂಲಕ ಕಾಲ್ತಾವುತೂರೋಗೆ ಹತ್ತಬೇಕು. ಅದೇ 600 ಮೀಟರಿಗಿಂತ ಎತ್ತರ. ಅಲ್ಲಿಂದ ಇನ್ನೂ ಮೇಲೆ ಪೊಲಿಜ್ಜಿ ಕಡೆಗೆ ಹೋಗಿ, ಕೊಲ್ಲೆಸಾನೋ ದಾಟಿ ಇಳಿದು, ಕಾಂಪೊಫೆಲಿಚೆ ಮುಗಿಸಿದರೆ ಕಡಲ ಪಕ್ಕದಲ್ಲಿ ಬುವೊನ್‌ಫೊರ್ನೆಲ್ಲೋ ನೇರ ರಸ್ತೆ. ಇಡೀ ಸುತ್ತಿನಲ್ಲಿ ಕಾಲು ಒತ್ತಿ ಹಿಡಿದು ಓಡಿಸಲು ಸಿಗುವ ಜಾಗ ಅದೊಂದೇ ಅನ್ನಬಹುದು. ಮಿಕ್ಕಿದ್ದೆಲ್ಲ ತಿರುವು, ತಿರುವು, ಮತ್ತೆ ತಿರುವು. ಒಂದು ಸುತ್ತಿಗೆ ಸಾವಿರಕ್ಕೂ ಜಾಸ್ತಿ.

ಯುಂಕೋವಾ ಚೆಕೊಸ್ಲೊವಾಕಿಯಾದವರು. ಹುಟ್ಟಿದ್ದು 1900ರಲ್ಲಿ, ಓಲೋಮೋಟ್ಸ್ ಊರಿನಲ್ಲಿ. ಎಂಟು ಮಕ್ಕಳ ಮನೆಯ ಆರನೆಯ ಮಗಳು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಾಗ ಚೆನ್ಯೆಕ್ ಯುನೆಕ್ ಪರಿಚಯವಾಗಿ, ಮದುವೆಯಾಗಿ, ಗಂಡನ ಪಕ್ಕದಲ್ಲಿ ಮೆಕ್ಯಾನಿಕ್ ಆಗಿ ಕೂತು ರೇಸಿಗೆ ಬಂದವರು. 1924ರಲ್ಲಿ ತಾವೇ ಸ್ಟೇರಿಂಗ್ ಹಿಡಿದರು. 1927ರಲ್ಲಿ ಮೊದಲ ಸಲ ಟಾರ್ಗಾಕ್ಕೆ ಬಂದರು. ಆ ಸಲ ಸ್ಟೇರಿಂಗ್ ಕೈಕೊಟ್ಟು ಅರ್ಧದಲ್ಲೇ ನಿಲ್ಲಬೇಕಾಯಿತು.

ಅದಾದ ಮೇಲೆ ಅವರು ಮಾಡಿದ್ದೇ ನನಗೆ ಮುಖ್ಯ. ಮುಂದಿನ ವರ್ಷ ರೇಸಿಗೆ ಬಹಳ ಮುಂಚೆಯೇ ಸಿಸಿಲಿಗೆ ಬಂದು ಆ ದಾರಿಯನ್ನು ಕಲಿಯಲು ಕೂತರು. ಕಾರಿನಲ್ಲಿ ಸುತ್ತಿದರು. ಬೇಕಾದ ಕಡೆ ಇಳಿದು ನಡೆದರು. ಯಾವ ತಿರುವಿಗೆ ಯಾವ ಗುರುತು, ಎಲ್ಲಿಂದ ಒಳಗೆ ಹೋದರೆ ಎಲ್ಲಿ ಹೊರಗೆ ಬರುತ್ತೇವೆ, ಎಲ್ಲವನ್ನೂ ನೋಡಿಟ್ಟುಕೊಂಡರು. ಇವತ್ತು ಫಾರ್ಮುಲಾ ಒನ್ ಡ್ರೈವರುಗಳು ಗುರುವಾರ ಟ್ರ್ಯಾಕ್ ಮೇಲೆ ನಡೆಯುವುದನ್ನು ಟಿವಿಯಲ್ಲಿ ನೋಡುತ್ತೀರಲ್ಲ, ಆ ಅಭ್ಯಾಸವನ್ನು ಮೊದಲು ಮಾಡಿದವರ ಸಾಲಿನಲ್ಲಿ ಈ ಹೆಣ್ಣುಮಗಳು ಇದ್ದಾರೆ.

ರೇಸಿನ ದಿನ ಮೊದಲ ಸುತ್ತು ಮುಗಿದಾಗ ನಾಲ್ಕನೇ ಸ್ಥಾನ. ಎರಡನೇ ಸುತ್ತು ಮುಗಿದಾಗ ಎಲ್ಲರಿಗಿಂತ ಮುಂದೆ! ಬುಗಾಟಿ, ಆಲ್ಫಾ, ಮಸೆರಾಟಿ ಕಾರುಗಳ ದೊಡ್ಡ ದೊಡ್ಡ ಹೆಸರುಗಳೆಲ್ಲ ಹಿಂದೆ. ಕೊನೇ ಸುತ್ತಿನ ತನಕ ಮುಂಚೂಣಿಯಲ್ಲೇ ಇದ್ದು, ಅಲ್ಲಿ ಎಂಜಿನ್ ತಣ್ಣಗಿಡಲು ನೀರು ಹರಿಸುವ ವಾಟರ್ ಪಂಪ್ ಕೈಕೊಟ್ಟಿತು. ಹಾಗಿದ್ದೂ ಗುರಿ ಮುಟ್ಟಿದರು. ಗೆದ್ದ ಆಲ್ಬರ್ಟ್ ದಿವೋಗೂ ಇವರಿಗೂ ನಡುವೆ ಹತ್ತು ನಿಮಿಷವೂ ಇರಲಿಲ್ಲ. ಏಳು ಗಂಟೆಗೂ ಜಾಸ್ತಿ ಓಡಿದ ರೇಸಿನಲ್ಲಿ!

ಪಂಪ್ ಸರಿಯಾಗಿದ್ದಿದ್ದರೆ ಗೆಲ್ಲುತ್ತಿದ್ದರೇ? ನಿಮಗೆಲ್ಲ ಏನನಿಸುತ್ತದೆ?

ಗ್ಯಾರೇಜ್‌ಮನೆ

ಒಳ್ಳೇ ವಿಷಯ ಎತ್ತಿದ್ದೀರಿ ಸರ್. ನಾನು ಎಂಜಿನ್ ಕಡೆಯಿಂದ ಹೇಳುತ್ತೇನೆ.

ಅವರು ಓಡಿಸಿದ್ದು ಬುಗಾಟಿ ಟೈಪ್ 35ಬಿ. ಎಂಟು ಸಿಲಿಂಡರ್ ಸಾಲಾಗಿ, 2.3 ಲೀಟರ್, ಸೂಪರ್‌ಚಾರ್ಜರ್ (ಒಳಗೆ ಹೆಚ್ಚು ಗಾಳಿ ತಳ್ಳಿ ಶಕ್ತಿ ಹೆಚ್ಚಿಸುವ ಸಾಧನ) ಇದ್ದ ಎಂಜಿನ್. ಇದರಲ್ಲಿ ಸಿಲಿಂಡರ್ ಬ್ಲಾಕ್ ಮತ್ತು ಅದರ ಮೇಲಿನ ಮುಚ್ಚಳದಂಥ ಹೆಡ್ ಒಂದೇ ಎರಕ. ನಮ್ಮ ಗಾಡಿಗಳ ಹಾಗೆ ನಟ್ಟು ಬಿಚ್ಚಿ ಹೆಡ್ ಎತ್ತಲು ಬರುವುದಿಲ್ಲ. ಹಾಗಾಗಿ ಎರಡರ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗುವ ತಲೆನೋವು ಇಲ್ಲ. ಆದರೆ ನೀರು ಕಡಿಮೆಯಾಗಿ ಎಂಜಿನ್ ಕಾದರೆ ದಾರಿಯಲ್ಲಿ ಮಾಡುವಂಥದ್ದು ಏನೂ ಉಳಿಯುವುದಿಲ್ಲ. ವಾಲ್ವ್ ಸುಡುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

ವಾಟರ್ ಪಂಪ್ ಕೆಟ್ಟ ಮೇಲೂ ಆ ಬೆಟ್ಟದ ದಾರಿಯಲ್ಲಿ ಗಾಡಿಯನ್ನು ಮನೆ ಮುಟ್ಟಿಸಿದರು ಅಂದರೆ ಅವರಿಗೆ ಕಿವಿ ಇತ್ತು ಅಂತ ಅರ್ಥ. ಎಂಜಿನ್ ಕಾಯುತ್ತಿರುವಾಗ ಸದ್ದು ಬದಲಾಗುತ್ತದೆ, ಎಳೆತ ಕುಗ್ಗುತ್ತದೆ. ಅದನ್ನು ಕೇಳಿಸಿಕೊಂಡು, ಏರಿನಲ್ಲಿ ಹಗುರವಾಗಿ ಒತ್ತಿ, ಇಳಿಜಾರಿನಲ್ಲಿ ಬಿಟ್ಟುಕೊಟ್ಟು ಓಡಿಸಬೇಕು. ನಾನು ಇಪ್ಪತ್ತು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದೇನೆ. ನೀರು ಹೋದ ಎಂಜಿನ್ನನ್ನು ಒಂದು ಕಿಲೋಮೀಟರಿನಲ್ಲೇ ಮುಗಿಸಿ, ಎಳೆದುಕೊಂಡು ಬಂದವರನ್ನೇ ಜಾಸ್ತಿ ನೋಡಿದ್ದು.

ಸ್ಟಾಪ್‌ವಾಚ್

ಯುಂಕೋವಾ ಬಗ್ಗೆ ನನಗೂ ತುಂಬಾ ಗೌರವ ಇದೆ. ಆದರೂ ಒಂದು ಮಾತು ಹೇಳಲೇಬೇಕು. "ಪಂಪ್ ಸರಿಯಾಗಿದ್ದಿದ್ದರೆ" ಅನ್ನುವುದು ಟಾರ್ಗಾದಲ್ಲಿ ಎಲ್ಲರಿಗೂ ಅನ್ವಯಿಸುತ್ತದೆ. ಆ ರಸ್ತೆಯಲ್ಲಿ ಕಾರನ್ನು ಉಳಿಸಿಕೊಳ್ಳುವುದೂ ರೇಸಿನ ಭಾಗವೇ. ದಿವೋ ಉಳಿಸಿಕೊಂಡರು, ಗೆದ್ದರು. ಮುಂದಿನ ವರ್ಷವೂ ಗೆದ್ದರು.

ಇನ್ನೊಂದು ವಿಷಯ ನನಗೆ ಯಾವಾಗಲೂ ಕಾಡುತ್ತದೆ. ಎರಡನೆಯವರಾಗಿ ಬಂದ ಜುಸೆಪ್ಪೆ ಕಂಪಾರಿ ಓಡಿಸಿದ್ದು ಬರೀ 1.5 ಲೀಟರಿನ ಆಲ್ಫಾ ರೋಮಿಯೋ. 2.3 ಲೀಟರ್ ಬುಗಾಟಿಗಳ ಮಧ್ಯೆ ಎರಡನೇ ಸ್ಥಾನ! ಆ ದಿನದ ಅತಿ ದೊಡ್ಡ ಡ್ರೈವಿಂಗ್ ಯಾರದ್ದು ಅಂತ ಕೇಳಿದರೆ ನಾನು ಕಂಪಾರಿ ಹೆಸರು ಹೇಳುತ್ತೇನೆ.

ಹಳೇಚಕ್ರ

@ಸ್ಟಾಪ್‌ವಾಚ್ ಕಂಪಾರಿ ಬಗ್ಗೆ ನೀವು ಹೇಳಿದ್ದು ನ್ಯಾಯವಾದ ಮಾತು. ಒಪ್ಪುತ್ತೇನೆ.

ಆದರೆ ಟಾರ್ಗಾದಲ್ಲಿ "ಮುಂದೆ ಇರುವುದು" ಅಂದರೆ ಏನು ಅಂತ ಸ್ವಲ್ಪ ಯೋಚಿಸಿ. ಎಲ್ಲರೂ ಒಟ್ಟಿಗೆ ಹೊರಡುವ ರೇಸ್ ಅದಲ್ಲ. ಒಬ್ಬೊಬ್ಬರನ್ನೇ ಕೆಲವು ನಿಮಿಷದ ಅಂತರದಲ್ಲಿ ಬಿಡುತ್ತಿದ್ದರು. ಹಾಗಾಗಿ ಕಣ್ಣ ಮುಂದೆ ಎದುರಾಳಿ ಇರುವುದಿಲ್ಲ. ಇನ್ನೊಬ್ಬರ ಬಾಲ ಹಿಡಿದು ಹೋಗುವ ಹಾಗಿಲ್ಲ. ಅವರು ಬ್ರೇಕ್ ಒತ್ತಿದ ಕಡೆ ನಾನೂ ಒತ್ತುತ್ತೇನೆ ಅನ್ನುವ ಹಾಗಿಲ್ಲ. ನೀವು, ರಸ್ತೆ, ಗಡಿಯಾರ, ಅಷ್ಟೇ. ಅಂಥ ಕಡೆ ಎರಡು ಸುತ್ತು, ಅಂದರೆ 216 ಕಿಲೋಮೀಟರ್ ಓಡಿಸಿದ ಮೇಲೆ ಎಲ್ಲರಿಗಿಂತ ಕಡಿಮೆ ಸಮಯ ಅವರದ್ದು. ಅದು ಯಾರದೋ ಕಾರು ಕೆಟ್ಟು ಸಿಕ್ಕ ಸ್ಥಾನ ಅಲ್ಲ. ರಸ್ತೆ ಗೊತ್ತಿದ್ದವರಿಗೆ ಮಾತ್ರ ಸಿಗುವ ಸ್ಥಾನ.

ತಿರುವುದಾರಿ

ನಾನು ಇಟಲಿಯಲ್ಲಿ ಕೆಲಸದ ಮೇಲೆ ಇದ್ದೇನೆ. ಹೋದ ವರ್ಷ ಸಿಸಿಲಿಗೆ ಹೋದಾಗ ಒಂದು ಇಡೀ ದಿನ ಈ ದಾರಿಗೇ ಇಟ್ಟಿದ್ದೆ. ಯಾರಿಗಾದರೂ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಪಾಲೆರ್ಮೋದಿಂದ ಪೂರ್ವಕ್ಕೆ ಕಡಲ ಪಕ್ಕದಲ್ಲೇ ಹೋದರೆ ಚೆರ್ದಾ ಕಡೆಗೆ ತಿರುಗುವ ರಸ್ತೆ ಸಿಗುತ್ತದೆ. ಸ್ವಲ್ಪ ಒಳಗೆ ಹೋದರೆ ರಸ್ತೆ ಪಕ್ಕದಲ್ಲಿ ಫ್ಲೋರಿಯೊಪೊಲಿ. ಹೆಸರು ದೊಡ್ಡದು, ಆದರೆ ಅದು ಊರಲ್ಲ. ರೇಸ್ ಶುರುವಾಗಿ ಮುಗಿಯುತ್ತಿದ್ದ ಜಾಗ. ಒಂದು ಕಡೆ ಮೆಟ್ಟಿಲು ಮೆಟ್ಟಿಲಾದ ಪ್ರೇಕ್ಷಕರ ಗ್ಯಾಲರಿ, ಎದುರಿಗೆ ಪಿಟ್‌ಗಳ ಸಾಲು, ಅಂದರೆ ರೇಸಿನ ನಡುವೆ ಕಾರು ನಿಲ್ಲಿಸಿ ರಿಪೇರಿ ಮಾಡುವ ಕಟ್ಟೆಗಳು. ಮಧ್ಯೆ ಮಾಮೂಲಿ ಎರಡು ಗಾಡಿ ಹೋಗುವಷ್ಟು ರಸ್ತೆ. ನಾನು ನಿಂತಿದ್ದಾಗ ಹುಲ್ಲು ತುಂಬಿದ ಟ್ರ್ಯಾಕ್ಟರ್ ಒಂದು ಆ ಪಿಟ್‌ಗಳ ಮುಂದೆಯೇ ನಿಧಾನವಾಗಿ ಹೋಯಿತು. ಅದನ್ನು ನೋಡಿ ಕಣ್ಣು ತುಂಬಿತು. ಯಾಕೆ ಅಂತ ಹೇಳಲು ಬರುವುದಿಲ್ಲ.

ಅಲ್ಲಿಂದ ಚೆರ್ದಾ. ಆ ಊರು ಆರ್ಟಿಚೋಕ್ ಅನ್ನುವ ತರಕಾರಿ ಬೆಳೆಗೆ ಹೆಸರುವಾಸಿ. ಊರಲ್ಲಿ ಒಂದು ದೈತ್ಯ ಆರ್ಟಿಚೋಕ್ ಪ್ರತಿಮೆಯೇ ಇದೆ. ಊರು ದಾಟಿದ ಮೇಲೆ ಶುರು ನೋಡಿ. ತಿರುವು ಅಂದರೆ ನಮ್ಮಲ್ಲಿ ಒಂದು ತಿರುವು, ಆಮೇಲೆ ಸ್ವಲ್ಪ ನೇರ, ಆಮೇಲೆ ಇನ್ನೊಂದು. ಇಲ್ಲಿ ಹಾಗಿಲ್ಲ. ಒಂದು ತಿರುವಿನ ಬಾಲಕ್ಕೇ ಇನ್ನೊಂದರ ತಲೆ ಅಂಟಿಕೊಂಡಿದೆ. ಎಡಕ್ಕೆ ತಿರುಗಿಸಿದ ಕೈ ನೇರ ಮಾಡುವಷ್ಟರಲ್ಲಿ ಬಲಕ್ಕೆ ಎಳೆಯಬೇಕು. ಕೆಲವು ತಿರುವು ಮುಗಿಯಿತು ಅಂದುಕೊಂಡಾಗ ಇನ್ನೂ ಬಿಗಿಯಾಗುತ್ತದೆ. ಪವರ್ ಸ್ಟೇರಿಂಗ್ ಇದ್ದ ಬಾಡಿಗೆ ಕಾರಿನಲ್ಲಿ, ಟಾರ್ ರಸ್ತೆಯಲ್ಲಿ, ಕಾಲ್ತಾವುತೂರೋ ತಲುಪುವಷ್ಟರಲ್ಲಿ ನನ್ನ ಭುಜ ಹಿಡಿದುಕೊಂಡಿತ್ತು. ಯುಂಕೋವಾ ಓಡಿಸಿದ್ದು ಜಲ್ಲಿ, ಧೂಳಿನ ರಸ್ತೆಯಲ್ಲಿ. ಸಿಂಕ್ರೋಮೆಶ್ (ಗೇರ್ ಸಲೀಸಾಗಿ ಕೂರಲು ಹಲ್ಲುಗಳ ವೇಗ ಹೊಂದಿಸುವ ಏರ್ಪಾಟು) ಇಲ್ಲದ ಗೇರ್‌ಬಾಕ್ಸ್. ಪ್ರತಿ ಸಲ ಗೇರ್ ಇಳಿಸುವಾಗಲೂ ಕ್ಲಚ್ ಎರಡು ಸಲ ಒತ್ತಬೇಕು. ಐದು ಸುತ್ತು!

ಬಸ್‌ಮೇಷ್ಟ್ರುಮಗಳು

ಇಲ್ಲಿ ಸಾಮಾನ್ಯವಾಗಿ ಸುಮ್ನೆ ಓದಿ ಹೋಗುವವಳು ನಾನು. ಇವತ್ತು ಬರೆಯಬೇಕು ಅನಿಸಿತು.

ನಮ್ಮಪ್ಪ ಘಟ್ಟದ ರೂಟಿನಲ್ಲಿ ಬಸ್ ಓಡಿಸುತ್ತಿದ್ದರು. ಹೊಸ ಡ್ರೈವರುಗಳಿಗೆ ದಾರಿ ಕಲಿಸುವ ಕೆಲಸವೂ ಅವರದ್ದೇ. ಅದಕ್ಕೆ ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಮಳೆಗಾಲದಲ್ಲಿ ಮಂಜು ಕವಿದಾಗ ಎದುರಿಗೆ ಏನೂ ಕಾಣುವುದಿಲ್ಲ. ಅಪ್ಪ ಪಕ್ಕದ ಕಿಟಕಿಯಿಂದ ನೋಡುತ್ತಾ ಓಡಿಸುತ್ತಿದ್ದರು. "ಬಿಳೀ ಬಳಿದ ಕಲ್ಲು ಹೋಯಿತು, ಇನ್ನು ನೀರು ಜಿನುಗುವ ಬಂಡೆ, ಅದು ಬಂದ ತಕ್ಷಣ ಎರಡನೇ ಗೇರು" ಅಂತ ಹೇಳಿಕೊಳ್ಳುತ್ತಿದ್ದರು. ಚಿಕ್ಕವಳಿದ್ದಾಗ ಎಂಜಿನ್ ಮೇಲಿನ ಬಿಸಿ ಬಾನೆಟ್ ಪಕ್ಕ ಕೂತು ಅದನ್ನು ಕೇಳಿದ್ದೇನೆ. ಒಂದು ಸಲ ರಜೆಯ ದಿನ ನನ್ನನ್ನೂ ಕರೆದುಕೊಂಡು ಆ ಘಟ್ಟದಲ್ಲಿ ನಡೆದಿದ್ದರು. ಯಾಕಪ್ಪಾ ಅಂದಿದ್ದಕ್ಕೆ, "ಮೇಲೆ ಕೂತರೆ ರಸ್ತೆ ಬೇರೆ, ಕೆಳಗೆ ನಿಂತರೆ ಬೇರೆ ಮಗಾ" ಅಂದಿದ್ದರು.

ಯುಂಕೋವಾ ಹೆಸರು ನಾನು ಇವತ್ತೇ ಕೇಳಿದ್ದು. ಆದರೆ ಅವರು ಇಳಿದು ನಡೆದರು ಅಂದಾಗ ಅದು ಎಂಥ ಕೆಲಸ ಅಂತ ತಕ್ಷಣ ಗೊತ್ತಾಯಿತು.

ಹಳೇಚಕ್ರ

ಮೇಡಂ, ದಯವಿಟ್ಟು ಸುಮ್ನೆ ಓದಿ ಹೋಗಬೇಡಿ. ಹೀಗೇ ಬರೆಯುತ್ತಿರಿ. ಗಂಟೆಗೆ ಸರಾಸರಿ 73 ಕಿಲೋಮೀಟರ್ ವೇಗದಲ್ಲಿ ಗೆದ್ದ ರೇಸ್ ಇದು. ಇವತ್ತಿನ ಲೆಕ್ಕದಲ್ಲಿ ಆ ಸಂಖ್ಯೆ ನೋಡಿ "ಅಷ್ಟೇನಾ" ಅನ್ನುವವರು ಇದ್ದಾರೆ. ನಿಮ್ಮ ತಂದೆಯವರಂಥವರು ಅದನ್ನು ಕೇಳಿದರೆ ಖಂಡಿತ ಹಾಗೆ ಅನ್ನುತ್ತಿರಲಿಲ್ಲ.

ಎರಡನೇಗೇರ್

ಒಂದು ಪ್ರಶ್ನೆ. ಇವರು ಬುಗಾಟಿ ಕಂಪನಿಯ ತಂಡದವರಾ? ಇಲ್ಲ ಅಂದರೆ ಅಂಥ ಕಾರು ಹೊರಗಿನವರ ಕೈಗೆ ಹೇಗೆ ಸಿಕ್ಕಿತು?

ಗ್ಯಾರೇಜ್‌ಮನೆ

ಸ್ವಂತ ಕಾರು. ಬುಗಾಟಿಯ ವಿಶೇಷವೇ ಅದು. ಎತ್ತೊರೆ ಬುಗಾಟಿ ತಮ್ಮ ರೇಸ್ ಕಾರನ್ನು ದುಡ್ಡು ಕೊಟ್ಟವರಿಗೆ ಮಾರುತ್ತಿದ್ದರು. ಟೈಪ್ 35 ಮೊದಲು ಓಡಿದ್ದು 1924ರಲ್ಲಿ, ಲಿಯೋನ್ ಗ್ರ್ಯಾನ್ ಪ್ರಿಯಲ್ಲಿ. ಅದಾದ ಮೇಲೆ ಯೂರೋಪಿನಲ್ಲಿ ಎಲ್ಲಿ ನೋಡಿದರೂ ಅದೇ ಕಾರು. 1925ರಿಂದ 1929ರ ತನಕ ಐದೂ ವರ್ಷ ಟಾರ್ಗಾ ಗೆದ್ದಿದ್ದು ಬುಗಾಟಿಯೇ.

ಆ ಕಾರಿನ ಚಕ್ರದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಆಗ ಎಲ್ಲರೂ ತಂತಿ ಕಡ್ಡಿಯ ಚಕ್ರ ಹಾಕುತ್ತಿದ್ದರು. ಬುಗಾಟಿ ಅಲ್ಯೂಮಿನಿಯಂ ಎರಕದ ಚಕ್ರ ಮಾಡಿದರು. ಎಂಟು ಚಪ್ಪಟೆ ಕಡ್ಡಿ, ಅದರ ಜೊತೆಗೇ ಬ್ರೇಕ್ ಡ್ರಮ್. ಚಕ್ರ ಬಿಚ್ಚಿದರೆ ಡ್ರಮ್ಮೂ ಅದರೊಂದಿಗೇ ಬರುತ್ತದೆ, ಬ್ರೇಕ್ ಶೂ ಕಣ್ಣೆದುರಿಗೇ ಇರುತ್ತದೆ. ಸವೆದಿದೆಯಾ ಅಂತ ಟೈರ್ ಬದಲಿಸುವ ಹೊತ್ತಿನಲ್ಲೇ ನೋಡಿಬಿಡಬಹುದು. ಟಾರ್ಗಾದಂಥ ದಾರಿಯಲ್ಲಿ ಇದು ಎಷ್ಟು ದೊಡ್ಡ ಅನುಕೂಲ ಯೋಚಿಸಿ. ಮುಂದಿನ ಆಕ್ಸಲ್ ಟೊಳ್ಳು. ಸ್ಪ್ರಿಂಗ್ ಪಟ್ಟಿಗಳು ಆಕ್ಸಲ್‌ನಲ್ಲೇ ಮಾಡಿದ ಕಿಂಡಿಯ ಮೂಲಕ ತೂರಿ ಹೋಗುತ್ತವೆ. ಕಮ್ಮಾರಿಕೆ ಗೊತ್ತಿರುವ ಯಾರನ್ನಾದರೂ ಕೇಳಿ, ಅಂಥದ್ದನ್ನು ಮಾಡುವುದು ಎಷ್ಟು ಕಷ್ಟ ಅಂತ.

ಕಡಲೂರುಹುಡುಗ

ಟಾರ್ಗಾ ಶುರು ಮಾಡಿದ ವಿನ್ಚೆಂಜೊ ಫ್ಲೋರಿಯೋ ಬಗ್ಗೆಯೂ ಎರಡು ಮಾತು ಇರಲಿ. ಸಿಸಿಲಿಯ ದೊಡ್ಡ ಶ್ರೀಮಂತ ಮನೆತನ. ಹಡಗು, ಟ್ಯೂನಾ ಮೀನು, ಮಾರ್ಸಾಲಾ ವೈನ್, ಎಲ್ಲ ವ್ಯಾಪಾರವೂ ಇತ್ತು. 1906ರಲ್ಲಿ ಮೊದಲ ರೇಸ್ ನಡೆಸಿದರು.

ನನಗೆ ತುಂಬಾ ಇಷ್ಟವಾದದ್ದು ಮೊದಲ ಮಹಾಯುದ್ಧ ಮುಗಿದ ಮೇಲಿನ ಮೊದಲ ಟಾರ್ಗಾ, 1919ರ ನವೆಂಬರಿನದ್ದು. ಹವಾಮಾನ ತೀರಾ ಕೆಟ್ಟಿತ್ತು. ಬೆಟ್ಟದ ಮೇಲೆ ಹಿಮ. ಫ್ರಾನ್ಸಿನ ಆಂದ್ರೆ ಬ್ವಾಯೋ ಪುಟ್ಟ ಪೂಜೋ ಕಾರಿನಲ್ಲಿ ಎಲ್ಲರಿಗಿಂತ ಮುಂದಿದ್ದರು. ಗುರಿಯ ಹತ್ತಿರ ಬಂದಾಗ ಜನ ರಸ್ತೆಗೇ ನುಗ್ಗಿದ್ದರು. ಅವರನ್ನು ತಪ್ಪಿಸಲು ಹೋಗಿ ಕಾರು ಗಿರ್ರನೆ ತಿರುಗಿ ಗುದ್ದಿಕೊಂಡಿತು. ಕೊನೆಗೆ ಹಿಂದು ಮುಂದಾಗಿಯೇ ಗೆರೆ ದಾಟಿದರು. ಅದು ಲೆಕ್ಕಕ್ಕೆ ಬರುವುದಿಲ್ಲ ಅಂದರು. ಮತ್ತೆ ಹಿಂದಕ್ಕೆ ಹೋಗಿ, ಕಾರನ್ನು ನೆಟ್ಟಗೆ ಮಾಡಿಕೊಂಡು, ಮುಖ ಮುಂದೆ ಮಾಡಿ ಇನ್ನೊಮ್ಮೆ ದಾಟಿ ಗೆದ್ದರು.

ಇನ್ನೊಂದು: 1924ರಲ್ಲಿ ಗೆದ್ದ ಮರ್ಸಿಡಿಸ್ ಕಾರು ಕೆಂಪು ಬಣ್ಣದ್ದು. ಆಗ ರೇಸಿನಲ್ಲಿ ಜರ್ಮನಿಯ ಕಾರುಗಳ ಬಣ್ಣ ಬಿಳಿ, ಇಟಲಿಯದ್ದು ಕೆಂಪು. ದೂರದಿಂದ ಬಿಳಿ ಕಾರು ಕಂಡರೆ ಹೊರಗಿನವರದ್ದು ಅಂತ ಗೊತ್ತಾಗಿ ದಾರಿಯಲ್ಲಿ ಜನ ಕಲ್ಲು ಹೊಡೆದಾರು ಅನ್ನುವ ಭಯಕ್ಕೆ ಕೆಂಪು ಬಳಿದುಕೊಂಡು ಬಂದಿದ್ದರು. ಅಂಥ ದಾರಿಯಲ್ಲಿ ಹೊರದೇಶದ ಒಬ್ಬ ಹೆಂಗಸು ಸ್ವಂತ ಕಾರು ತಂದು ಓಡಿಸಿದರು ಅನ್ನುವುದನ್ನು ನೆನಪಿಟ್ಟುಕೊಂಡು ಮೇಲಿನ ಕಥೆ ಇನ್ನೊಮ್ಮೆ ಓದಿ.

ಸ್ಟಾಪ್‌ವಾಚ್

@ಹಳೇಚಕ್ರ ನಿಮ್ಮ ಉತ್ತರ ಓದಿದ ಮೇಲೆ ಆ ದಿನ ಅವರ ಹಿಂದೆ ಉಳಿದವರ ಹೆಸರು ಇನ್ನೊಮ್ಮೆ ನೋಡಿದೆ. ಲುಯಿಜಿ ಫಾಜಿಯೋಲಿ, ರೆನೆ ದ್ರೇಫ್ಯೂಸ್, ಎರ್ನೆಸ್ಟೊ ಮಸೆರಾಟಿ. ಆಮೇಲೆ ದೊಡ್ಡ ದೊಡ್ಡ ಗ್ರ್ಯಾನ್ ಪ್ರಿ ಗೆದ್ದವರು ಆ ಪಟ್ಟಿಯಲ್ಲಿ ಇದ್ದಾರೆ. ಮುಂದೆ ಬಂದ ನಾಲ್ವರು ದಿವೋ, ಕಂಪಾರಿ, ಕೊನೆಲ್ಲಿ, ಶಿರೋನ್. ಕೆಟ್ಟ ಪಂಪ್ ಇಟ್ಟುಕೊಂಡು ಶಿರೋನ್ ಹಿಂದೆಯೇ ಬಂದಿದ್ದಾರೆ ಅಂದರೆ ಅದು ಸಣ್ಣ ಮಾತಲ್ಲ. ಕಂಪಾರಿ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ. ಆದರೆ "ಐದನೇ ಸ್ಥಾನ ಐದನೇ ಸ್ಥಾನವೇ" ಅಂತ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಬಿಡುತ್ತಿದ್ದೇನೆ.

ಎರಡನೇಗೇರ್

ಮುಂದಿನ ವರ್ಷ ಯಾಕೆ ಬರಲಿಲ್ಲ? 1929ರ ಪಟ್ಟಿಯಲ್ಲಿ ಹುಡುಕಿದೆ, ಹೆಸರೇ ಇಲ್ಲ.

ಹಳೇಚಕ್ರ

ಟಾರ್ಗಾ ಮುಗಿದು ಎರಡು ತಿಂಗಳಿಗೆ, 1928ರ ಜುಲೈ 15ರಂದು, ಜರ್ಮನ್ ಗ್ರ್ಯಾನ್ ಪ್ರಿ. ನ್ಯೂರ್ಬರ್ಗ್‌ರಿಂಗ್. ಅದು ಬರೀ ರೇಸಿಗಾಗಿಯೇ ಐಫೆಲ್ ಬೆಟ್ಟಗಳಲ್ಲಿ ಕಟ್ಟಿದ ದಾರಿ. ತೆರೆದು ಒಂದೇ ವರ್ಷ ಆಗಿತ್ತು. ಗಂಡ ಹೆಂಡತಿ ಇಬ್ಬರೂ ಅಲ್ಲಿದ್ದರು. ಚೆನ್ಯೆಕ್ ಕಾರು ರಸ್ತೆ ಬಿಟ್ಟು ಹೋಗಿ ಅವರು ಅಲ್ಲೇ ತೀರಿಕೊಂಡರು. ಎಲಿಶ್ಕಾ ಆಮೇಲೆ ರೇಸಿಗೆ ಇಳಿಯಲಿಲ್ಲ. ಕಾರುಗಳನ್ನು ಮಾರಿಬಿಟ್ಟರು. ಆಗ ಅವರಿಗೆ ಇನ್ನೂ 27 ವರ್ಷ.

ಚೆಕ್ ಜನ ಅವರನ್ನು ಸ್ಮೀಶೆಕ್ ಅಂತ ಕರೆಯುತ್ತಿದ್ದರು. ಸದಾ ನಗುಮುಖದವಳು ಅಂತ ಅರ್ಥ. ಟಾರ್ಗಾ ಮುಗಿಸಿದ ದಿನದ ಚಿತ್ರಗಳಲ್ಲಿ ಮುಖವೆಲ್ಲ ಧೂಳು, ಆ ನಗು ಹಾಗೇ ಇದೆ. ಈ ಜುಲೈ ವಿಷಯ ಗೊತ್ತಾದ ಮೇಲೆ ಅದನ್ನು ನೋಡುವುದು ಕಷ್ಟ.

ಬಸ್‌ಮೇಷ್ಟ್ರುಮಗಳು

ಆಮೇಲೆ ಹೇಗೆ ಬದುಕಿದರು ಸರ್?

ಹಳೇಚಕ್ರ

ತಿರುಗಾಟಕ್ಕೆ ಹೊರಟರು ಮೇಡಂ. ಮೊದಲಿನಿಂದಲೂ ಅವರಿಗೆ ಊರೂರು ನೋಡುವ ಆಸೆ. ಭಾಷೆಗಳನ್ನೂ ಕಲಿತಿದ್ದರು. ಎತ್ತೊರೆ ಬುಗಾಟಿ ಅವರಿಗೆ ಒಂದು ಟೂರಿಂಗ್ ಕಾರು ಕೊಟ್ಟರು. ಅದರಲ್ಲಿ ಹೋಗಿದ್ದು ಎಲ್ಲಿಗೆ ಗೊತ್ತಾ? ಸಿಲೋನ್, ಈಗಿನ ಶ್ರೀಲಂಕಾ. ಅಲ್ಲಿ ಬುಗಾಟಿ ಕಾರುಗಳಿಗೆ ವ್ಯಾಪಾರ ಕುದುರುತ್ತದೆಯಾ ನೋಡಿ ಬನ್ನಿ ಅಂತಲೂ ಹೇಳಿ ಕಳಿಸಿದ್ದರು.

ಎರಡನೇ ಮಹಾಯುದ್ಧದ ಮೇಲೆ ಅವರ ದೇಶದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. ಶ್ರೀಮಂತರ ಆಟ ಆಡಿದವಳು ಅಂತ ಅವರನ್ನು ಮೂಲೆಗೆ ತಳ್ಳಿದರು. ಹೊರದೇಶಕ್ಕೆ ಹೋಗಲು ಬಿಡಲಿಲ್ಲ. 1969ರಲ್ಲಿ ಬ್ರಿಟನ್ನಿನ ಬುಗಾಟಿ ಮಾಲೀಕರ ಸಂಘದ 40ನೇ ವರ್ಷದ ಕೂಟಕ್ಕೆ ಹೋಗಲು ಕೊನೆಗೂ ಅನುಮತಿ ಸಿಕ್ಕಿತು. ಕಾರು ಮಾರಿ ನಲವತ್ತು ವರ್ಷ ಆದ ಮೇಲೆ. ತೀರಿಕೊಂಡಿದ್ದು 1994ರ ಜನವರಿಯಲ್ಲಿ, 93ನೇ ವಯಸ್ಸಿನಲ್ಲಿ. ಆ ಸರ್ಕಾರ ಬಿದ್ದಿದ್ದನ್ನೂ ನೋಡಿಯೇ ಹೋದರು.

ತಿರುವುದಾರಿ

ಇದನ್ನೆಲ್ಲ ಓದಿ ಒಂದು ತೀರ್ಮಾನ ಮಾಡಿದ್ದೇನೆ. ಮುಂದಿನ ತಿಂಗಳು ನಾಲ್ಕು ದಿನ ರಜೆ ಇದೆ. ಮತ್ತೆ ಸಿಸಿಲಿಗೆ ಹೋಗುತ್ತೇನೆ. ಈ ಸಲ ಕಾರು ಫ್ಲೋರಿಯೊಪೊಲಿಯಲ್ಲಿ ನಿಲ್ಲಿಸಿ ಚೆರ್ದಾ ದಾಟಿ ಕಾಲ್ತಾವುತೂರೋ ತನಕ ನಡೆಯುತ್ತೇನೆ. ಎರಡು ದಿನ ಹಿಡಿಯಬಹುದು. ಏನು ನೋಡಬೇಕು ಹೇಳಿ.

ಬಸ್‌ಮೇಷ್ಟ್ರುಮಗಳು

ತಿರುವಿನ ಒಳಮಗ್ಗುಲು ನೋಡಿ. ಹಳೇ ರಸ್ತೆಗಳಲ್ಲಿ ಗೋಡೆಯ ಕಲ್ಲು ಬದಲಾಗಿರುವುದಿಲ್ಲ. ಹೋಗುವಾಗ ಒಂದು ಸಲ, ವಾಪಸ್ ಬರುವಾಗ ಒಂದು ಸಲ ನೋಡಿ. ಎರಡೂ ಬೇರೆ ರಸ್ತೆಯೇ.

ಹಳೇಚಕ್ರ

ಫೋಟೋ ತೆಗೆಯುವಾಗ ನಿಂತು ತೆಗೆಯಬೇಡಿ. ಮಂಡಿ ಊರಿ, ನಿಮ್ಮ ಕಣ್ಣು ರಸ್ತೆಯಿಂದ ಮೂರೂವರೆ ನಾಲ್ಕು ಅಡಿ ಎತ್ತರಕ್ಕೆ ಬರುವ ಹಾಗೆ ಕೂತು ತೆಗೆಯಿರಿ. ಕಾರಿನಲ್ಲಿ ಕೂತ ಅವರಿಗೆ ಹೆಚ್ಚು ಕಡಿಮೆ ಅಷ್ಟೇ ಎತ್ತರದಿಂದ ಕಂಡಿರಬೇಕು. ಚೆರ್ದಾ ದಾಟಿದ ಮೇಲಿನ ಮೊದಲ ಹತ್ತು ತಿರುವು ಸಾಕು. ಅದನ್ನು ಇಲ್ಲೇ ಹಾಕಿ. ಯಾವುದರಲ್ಲಿ ಮುಂದಿನ ತಿರುವಿಗೆ ಗುರುತು ಸಿಗುತ್ತದೆ, ಯಾವುದರಲ್ಲಿ ಸಿಗುವುದಿಲ್ಲ ಅಂತ ಎಲ್ಲರೂ ಕೂತು ನೋಡೋಣ.